ರೈಟರ್ ಆನೆಯ ಹಾಜರಿ

ಕೆ. ಹೊಸಕೋಟೆ, ಆಲೂರು ತಾಲ್ಲೂಕು
6 ಅಕ್ಟೋಬರ್ 2024

ಕೆಂಪು ಶಾಯಿಯ ಅಧಿದೇವತೆಯಾದ ಶ್ರೀಮತಿ ಚಂದ್ರಿಕಾ ಮೇಡಂ ಅವರ ಸನ್ನಿಧಾನಕ್ಕೆ,

ಹತ್ತನೇ ತರಗತಿ ‘ಬಿ’ ವಿಭಾಗದ ಕೊನೆಯ ಬೆಂಚಿನ ವಸಂತ ಎಂಬ ಪಾಮರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಅರಸೀಕೆರೆಗೆ ವರ್ಗವಾಗಿ ಹೋದ ಮೇಲೆ ನಮ್ಮೂರಿನಲ್ಲಿ ಇಂಗ್ಲಿಷ್ ಅನಾಥವಾಗಿದೆ. ಉಳಿದಂತೆ ಎಲ್ಲರೂ ಕ್ಷೇಮ.

ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೀತೀಯ ಎಂದು ಪೋಸ್ಟ್‌ಮ್ಯಾನ್ ಕೇಳಿದ. ಕಾರಣ ನಮ್ಮಿಬ್ಬರಿಗೇ ಗೊತ್ತು. ಆರು ವರ್ಷದ ಹಿಂದೆ ‘ಶಾಲೆಯ ಹಿಂದೆ ಆನೆ ಬಂದಿದೆ’ ಎಂದು ದೊಡ್ಡಮ್ಮನ ಫೋನಿನಿಂದ ಹೆಡ್‌ಮಾಸ್ತರಿಗೆ ಮೆಸೇಜ್ ಕಳಿಸಿದವನು ನಾನು. ಅರ್ಧ ದಿನ ಇಡೀ ಶಾಲೆ ಕೋಣೆಯೊಳಗೆ ಕೂತಿತ್ತು. ತಾವೊಬ್ಬರು ಮಾತ್ರ ಮರದ ಸ್ಕೇಲ್ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಿರಿ, ಆನೆಗೂ ಸ್ಕೇಲಿನ ಭಯ ಇರುತ್ತದೆ ಎಂಬಂತೆ. ನಾನು ಬೆಂಚಿನ ಕೆಳಗೆ ನಗುತ್ತಿದ್ದೆ. ತಾವು ನೋಡಿದಿರಿ, ಯಾರಿಗೂ ಹೇಳಲಿಲ್ಲ. ‘ಇನ್ನು ಮೇಲೆ ನಿನ್ನ ಮೆಸೇಜ್ ನಾನು ಓದಲ್ಲ. ಏನಿದ್ದರೂ ಕೈಯಲ್ಲಿ ಬರೆ, ತಿದ್ದಿಕೊಡ್ತೀನಿ’ ಎಂದಿರಿ. ಆ ಆಜ್ಞೆ ಇಂದಿಗೂ ಜಾರಿಯಲ್ಲಿದೆ.

ಈಗ ವಿಷಯ. ನನಗೆ ಆನೆ ಕಾವಲು ತಂಡದಲ್ಲಿ ಕೆಲಸ ಸಿಕ್ಕಿದೆ. ಬೆಳಗ್ಗೆ ಎದ್ದು ಆನೆ ಎಲ್ಲಿದೆ ಎಂದು ಪತ್ತೆ ಮಾಡುವುದು, ಸುತ್ತಲಿನ ಊರಿಗೆಲ್ಲ ಮೊಬೈಲ್ ಸಂದೇಶ ಹೋಗುವಂತೆ ನೋಡಿಕೊಳ್ಳುವುದು. ಸುಳ್ಳು ಆನೆ ಕಳಿಸಿದವನ ಕೈಗೇ ನಿಜದ ಆನೆಗಳನ್ನು ಒಪ್ಪಿಸಿದ್ದಾರೆ. ದೇವರಿಗೂ ಕೀಟಲೆ ಬರುತ್ತದೆ.

ತಂಡದ ಮುಖ್ಯಸ್ಥ ಬಸವಯ್ಯನವರು ಒಂದು ರಿಜಿಸ್ಟರ್ ಕೊಟ್ಟಿದ್ದಾರೆ. ಒಂದೊಂದು ಒಂಟಿ ಸಲಗಕ್ಕೂ ಒಂದೊಂದು ಪುಟ. ಹೆಸರು, ಎತ್ತರ, ಓಡಾಡುವ ಜಾಗ, ಕೊನೆಗೆ ಒಂದು ಕಾಲಂ: ಈ ಆನೆ ಉಳಿದ ಆನೆಗಳಿಗಿಂತ ಹೇಗೆ ಬೇರೆ. ಮೇಲಿನವರು ಓದುತ್ತಾರಂತೆ, ಅದೊಂದು ಇಂಗ್ಲಿಷಿನಲ್ಲೇ ಇರಬೇಕಂತೆ. ನಾನು ಎಲ್ಲದಕ್ಕೂ ‘ಡಿಫರೆಂಟ್’ ಎಂದು ಬರೆದೆ. ಬಸವಯ್ಯನವರು ಕನ್ನಡಕ ಏರಿಸಿ ನೋಡಿ, ‘ಹನ್ನೊಂದು ಆನೆಗೂ ಡಿಫರೆಂಟ್ ಅಂತ ಬರ್ದಿದ್ದೀಯಲ್ಲೋ, ಅಲ್ಲಿಗೆ ಎಲ್ಲಾ ಒಂದೇ ಆಗೋಯ್ತಲ್ಲ ಮಾರಾಯ’ ಅಂದರು. ಆದಕಾರಣ ‘ಇದು ಬೇರೆ, ಇದರಂಥದ್ದು ಇನ್ನೊಂದಿಲ್ಲ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಮಾತುಗಳಿವೆಯೋ ಅಷ್ಟನ್ನೂ ದಯಪಾಲಿಸಬೇಕೆಂದು ಬೇಡುವ,

ಆನೆ ಕಾವಲು ಮಹಾಮಂಡಲದ ಅತಿ ಕಿರಿಯ ಗುಮಾಸ್ತ,
ವಸಂತ


ಅರಸೀಕೆರೆ
15 ಅಕ್ಟೋಬರ್ 2024

ವಸಂತ,

ಸಾಷ್ಟಾಂಗ ನಮಸ್ಕಾರ ಬೇಡ, ಅಕ್ಷರ ದುಂಡಗಿದ್ದರೆ ಸಾಕು.

‘ಒನ್ ಆಫ್ ಎ ಕೈಂಡ್’ ಅಂದರೆ ಆ ಥರದ್ದು ಅದೊಂದೇ. ಇನ್ನೊಂದು ಕಾಣಿಸಿಕೊಂಡ ದಿನ ಆ ಮಾತು ಸತ್ತುಹೋಗುತ್ತದೆ, ಅದಕ್ಕೇ ಯೋಚಿಸಿ ಬಳಸು. ಗುಂಪಿನಲ್ಲಿದ್ದರೂ ಕಣ್ಣು ಮೊದಲು ಅದರ ಮೇಲೆಯೇ ಹೋದರೆ ‘ಸ್ಟ್ಯಾಂಡ್ಸ್ ಔಟ್’. ಹೋಲಿಸುವುದಕ್ಕೆ ಜೊತೆಯೇ ಇಲ್ಲದಷ್ಟು ಮೇಲಿದ್ದರೆ ‘ಇನ್ ಎ ಕ್ಲಾಸ್ ಆಫ್ ಹಿಸ್ ಓನ್’; ಇದು ಬರಿಯ ಹೊಗಳಿಕೆ, ಬಸವಯ್ಯನವರ ಮುಂದೆ ಹೇಳಿದರೆ ಅವರಿಗೇ ಅಂದುಕೊಂಡಾರು. ‘ಎ ಬ್ರೀಡ್ ಅಪಾರ್ಟ್’ ಅಂದರೆ ಉಳಿದವರ ಕುಲಕ್ಕೇ ಸೇರದ್ದು.

ಇನ್ನೊಂದಿದೆ, ‘ಆಡ್ ಒನ್ ಔಟ್’. ಎಲ್ಲರೂ ಒಂದು ಥರ, ಇವರೊಬ್ಬರು ಬೇರೆ. ಇದರಲ್ಲಿ ಹೊಗಳಿಕೆ ಇಲ್ಲ. ಆಟಕ್ಕೆ ಸೇರಿಸಿಕೊಳ್ಳದೆ ಗೋಡೆಯ ಪಕ್ಕ ನಿಲ್ಲಿಸಿದ ಮಗುವಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ರಿಜಿಸ್ಟರಿನಲ್ಲಿ ಬಳಸುವ ಮೊದಲು ನನಗೊಂದು ವಾಕ್ಯ ಬರೆದು ಕಳಿಸು.

ನೋಡಿದ್ದನ್ನು ಮಾತ್ರ ಬರೆ.

ಚಂದ್ರಿಕಾ


ಕೆ. ಹೊಸಕೋಟೆ
12 ನವೆಂಬರ್ 2024

ಪದದಾನ ಮಾಡಿದ ಮಹಾದಾನಿ ಮೇಡಂ ಅವರಿಗೆ,

ಒಂದು ಶುಭ ಸಮಾಚಾರ. ತಮ್ಮ ಪದಗಳಿಗೆ ತಕ್ಕ ಆನೆ ಇರಲಿಲ್ಲ, ಆದ್ದರಿಂದ ನಾನೇ ಒಂದನ್ನು ಹುಟ್ಟಿಸಿದ್ದೇನೆ. ತಾಯಿ ಮಗು ಇಬ್ಬರೂ ಸೌಖ್ಯ.

ಆದದ್ದು ಇಷ್ಟೇ. ದೀಪಾವಳಿ ಕಳೆದದ್ದೇ ಒಂದು ವಾರ ಮಂಜು. ಮಂಜಿನಲ್ಲಿ ಆನೆ ಹುಡುಕುವುದೆಂದರೆ ಆನೆಗೆ ನಮ್ಮನ್ನು ಹುಡುಕಿಕೊಟ್ಟಂತೆ. ನಾನು ಹೊದ್ದು ಮಲಗಿದೆ. ಶನಿವಾರ ಬಸವಯ್ಯನವರು ರಿಜಿಸ್ಟರ್ ಕೇಳಿದರು. ಒಂದು ಹೊಸ ಪುಟ ತಿರುವಿ ಹೆಸರಿನ ಜಾಗದಲ್ಲಿ ‘ರೈಟರ್’ ಎಂದು ಬರೆದೆ. ಎಸ್ಟೇಟಿನಲ್ಲಿ ರೈಟರ್ ಬೆಳಗ್ಗೆ ಎಂಟಕ್ಕೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಾರಲ್ಲ, ನನ್ನ ಆನೆಯೂ ಸರಿಯಾಗಿ ಆ ಹೊತ್ತಿಗೆ ಕಾಫಿ ಗಿಡಗಳ ಆಚೆ ನಿಂತು ಒಬ್ಬೊಬ್ಬರನ್ನೇ ನೋಡುತ್ತದೆ. ಎತ್ತರ ಒಂಬತ್ತು ಅಡಿ ನಾಲ್ಕು ಇಂಚು. ಬರಿಯ ಒಂಬತ್ತು ಎಂದರೆ ಅನುಮಾನ ಬರುತ್ತದೆ, ನಾಲ್ಕು ಇಂಚು ಸೇರಿಸಿದರೆ ಅಳೆದವರ ಹಾಗೆ ಕಾಣುತ್ತದೆ. ಲದ್ದಿ ಹಾಕುವುದಿಲ್ಲ, ಕೊಂಬೆ ಮುರಿಯುವುದಿಲ್ಲ, ಆದ್ದರಿಂದ ಎ ಬ್ರೀಡ್ ಅಪಾರ್ಟ್. ಒನ್ ಆಫ್ ಎ ಕೈಂಡ್. ಇಂಗ್ಲಿಷ್ ನೋಡಿ ಬಸವಯ್ಯನವರು ಮರುಮಾತಿಲ್ಲದೆ ಸಹಿ ಹಾಕಿದರು.

ಭಾನುವಾರ ಸಂದೇಶ ಹೋಯಿತು. ಸೋಮವಾರ ನೋಡಿದೆವು ಎಂದು ಐದು ಜನ ಫೋನ್ ಮಾಡಿದರು. ಯಸಳೂರಿನವರೊಬ್ಬರು ಅದು ತಮ್ಮ ಕಡೆಯಿಂದಲೇ ಇಳಿದು ಬಂದದ್ದು ಎಂದು ಜಗಳಕ್ಕೇ ನಿಂತರು.

ತಾವು ಕೇಳಿದ ವಾಕ್ಯ ಇಗೋ. ಇದು ರಿಜಿಸ್ಟರಿನಲ್ಲಿಲ್ಲ, ಯಾರಿಗೂ ಹೇಳಿಲ್ಲ, ತಮಗೊಬ್ಬರಿಗೇ:

‘ರೈಟರ್ ಸಾಲಿನಲ್ಲಿರುವ ಒಬ್ಬೊಬ್ಬರನ್ನೂ ನೋಡಿ ತಲೆಯಾಡಿಸುತ್ತದೆ. ಆಡ್ ಒನ್ ಔಟ್ ಯಾರೋ, ಅವರ ಸರದಿ ಬಂದಾಗ ಅದರ ತಲೆ ನಿಲ್ಲುತ್ತದೆ.’

ತಿದ್ದಿ ಕಳಿಸುವುದು. ನಾಡಿದ್ದು ಆಲೂರಿಗೆ ಹೋದಾಗ ಇದನ್ನು ಅಂಚೆಗೆ ಹಾಕುತ್ತೇನೆ.

ಗಜಜನಕ,
ವಸಂತ


ಅರಸೀಕೆರೆ
19 ನವೆಂಬರ್ 2024

ವಸಂತ,

ಆ ಪುಟವನ್ನು ಇವತ್ತೇ ಹೊಡೆದುಹಾಕು. ಸಂದೇಶ ನೋಡಿ ಜನ ದಾರಿ ಬದಲಿಸುತ್ತಾರೆ. ಬದಲಿಸಿದ ದಾರಿಯಲ್ಲಿ ನಿಜದ ಆನೆ ನಿಂತಿದ್ದರೆ ನಿನ್ನ ನಾಲ್ಕು ಇಂಚು ಯಾರನ್ನು ಕಾಯುತ್ತದೆ? ಹತ್ತನೇ ತರಗತಿಯಲ್ಲಿ ನಿನ್ನನ್ನು ಹಿಡಿದುಕೊಡಬೇಕಿತ್ತು. ಕೊಡದೆ ಇದ್ದದ್ದು ನನ್ನ ತಪ್ಪು.

ನಿನ್ನ ವಾಕ್ಯದಲ್ಲಿ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಓದಿದ ಮೇಲೆ ಕಾಗದವನ್ನು ಮೇಜಿನ ಮೇಲೆ ಬೋರಲಾಗಿಟ್ಟೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಚಂದ್ರಿಕಾ


ಕೆ. ಹೊಸಕೋಟೆ
25 ನವೆಂಬರ್ 2024

ಮೇಡಂ,

ಪುಟ ಹೊಡೆದುಹಾಕಿದೆ. ಬಸವಯ್ಯನವರು, ‘ಐದೂರಿನೋರು ನೋಡವ್ರೆ. ನಿಂಗೆ ಬ್ಯಾಡ ಅಂದ್ರೆ ಆನೆ ಇಲ್ದಂಗಾಯ್ತದಾ?’ ಎಂದು ಮತ್ತೆ ಬರೆದುಕೊಂಡರು.

ನನ್ನ ದೊಡ್ಡಮ್ಮ ಬೆಟ್ಟಮ್ಮನನ್ನು ತಾವು ನೋಡಿದ್ದೀರಿ. ಪೋಷಕರ ಸಭೆಗೆ ಬಂದು, ನನ್ನ ಮೇಲಿನ ದೂರು ಓದುವ ಮೊದಲೇ ಅತ್ತವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಇಲ್ಲಿನ ಕಲ್ಲುಕಂಬ ಎಸ್ಟೇಟಿನಲ್ಲಿ ಮೂವತ್ತು ವರ್ಷದಿಂದ ಕಾಫಿ ಹಣ್ಣು ಕುಯ್ಯುವ ಹನ್ನೆರಡು ಹೆಂಗಸರ ಸಾಲಿನಲ್ಲಿ ಅವಳದು ಐದನೇ ಜಾಗ, ಮುನಿಯಮ್ಮನ ಪಕ್ಕ. ಇಬ್ಬರೂ ಒಂದೇ ಎಲೆಯಡಿಕೆ ಚೀಲದಿಂದ ಹಾಕಿಕೊಂಡು ಬೆಳೆದವರು.

ಮೊನ್ನೆ ದೊಡ್ಡಮ್ಮ ಮಧ್ಯಾಹ್ನದ ಬುತ್ತಿಯನ್ನು ಹಾಗೇ ಮನೆಗೆ ತಂದಳು. ಕೇಳಿದ್ದಕ್ಕೆ ಅದನ್ನು ಬಿಚ್ಚಿ ಕೋಳಿಗಳಿಗೆ ಸುರಿದಳು. ನಾನು ಮುನಿಯಮ್ಮನ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಹೇಳಿದರು: ‘ಹದಿಮೂರನೇ ತಾರೀಖು, ಬುಧವಾರ ಕಣಪ್ಪ. ರೈಟರ್ ಚಂದ್ರಯ್ಯನೋರು ಹಾಜರಿ ಕೂಗ್ತಾ ಇದ್ರು. ಗಿಡದಾಚೆ ಮಂಜೊಳಗೆ ಅದು ನಿಂತಿತ್ತು. ಒಬ್ಬೊಬ್ಬರ ಹೆಸ್ರಿಗೂ ತಲೆ ಆಡುಸ್ತು, ಹೂಂ ಹೂಂ ಅಂದಂಗೆ. ನಿಮ್ಮ ದೊಡ್ಡವ್ವನ ಹೆಸ್ರಿಗೆ ಮಾತ್ರ ನಿಂತೋಯ್ತು. ಆಮೇಲೆ ದಿನಾಲೂ ಅದೇ. ಅದು ಅವ್ಳನ್ನ ಆರುಸ್ಕಂಡೈತೆ. ಪಕ್ಕದಾಗೆ ನಿಲ್ಲೋಕೆ ನಮಗೂ ಮಕ್ಳು ಮರಿ ಇಲ್ವಾ?’

ಈಗ ಅವಳ ಎರಡೂ ಕಡೆ ಎರಡೆರಡು ಗಿಡ ಖಾಲಿ ಬಿಡುತ್ತಾರಂತೆ. ಊಟಕ್ಕೂ ಒಬ್ಬಳೇ.

ಮೇಡಂ, ತಲೆ ನಿಲ್ಲುವ ಮಾತನ್ನು ನಾನು ಬರೆದದ್ದು ತಮ್ಮ ಕಾಗದದಲ್ಲಿ ಮಾತ್ರ. ತಾವು ಯಾರಿಗಾದರೂ ತೋರಿಸಿದಿರಾ? ಇಲ್ಲಿಯವರಿಗೆ ಫೋನ್ ಮಾಡಿದಿರಾ? ಬೈಯುವುದಕ್ಕೆ ಕೇಳುತ್ತಿಲ್ಲ.

ಹೆಜ್ಜೆ ನೋಡಲು ಹೋಗಿದ್ದೆ. ಗಿಡ ಒಂದೂ ಮುರಿದಿಲ್ಲ, ಲದ್ದಿ ಇಲ್ಲ. ಹಸಿ ಮಣ್ಣಿನಲ್ಲಿ ಒಂದೇ ಒಂದು ಮುಂಗಾಲಿನ ಗುರುತು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಎತ್ತರ ಸಿಗುತ್ತದೆ, ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಸುವ ಲೆಕ್ಕ. ದಾರ ಇಟ್ಟು ಅಳೆದೆ. ನಾಲ್ಕು ಅಡಿ ಎಂಟು ಇಂಚು. ಮೂರು ಸಲ ಅಳೆದೆ.

ವಸಂತ


ಅರಸೀಕೆರೆ
2 ಡಿಸೆಂಬರ್ 2024

ವಸಂತ,

ನಿನ್ನ ಆ ಕಾಗದದ ಕವರ್ ಮುಂದೆ ಇಟ್ಟುಕೊಂಡಿದ್ದೇನೆ. ಆಲೂರು ಅಂಚೆಯ ಮುದ್ರೆ ಹದಿನಾಲ್ಕನೇ ತಾರೀಖಿನದು. ನನ್ನ ಕೈಗೆ ಬಂದದ್ದು ಹದಿನೆಂಟಕ್ಕೆ. ಮುನಿಯಮ್ಮ ನೋಡಿದ್ದು ಹದಿಮೂರಕ್ಕೆ. ಆವತ್ತು ಅದು ಇನ್ನೂ ನಿನ್ನ ಜೇಬಿನಲ್ಲೇ ಇತ್ತು.

ಆನೆಗಳು ನಿಂತಲ್ಲೇ ತಲೆ ತೂಗುತ್ತವೆ ಎಂದು ಓದಿದ್ದೇನೆ. ಹೆಂಗಸರು ಹೆದರಿ ಒಂದಕ್ಕೊಂದು ಸೇರಿಸಿ ಹೇಳಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಎರಡು ಸಲ ಹೇಳಿಕೊಂಡೆ.

ಆ ಸಾಲಿನ ಮುಂದೆ ಹೋಗಿ, ಬರೆದವನು ನಾನು ಎಂದು ಬಾಯಿಬಿಟ್ಟು ಹೇಳು. ಬೆಟ್ಟಮ್ಮನವರ ಜಾಗ ಅವರಿಗೆ ಸಿಗಬೇಕು. ಆಗದಿದ್ದರೆ ನೀನು ಬರೆದದ್ದನ್ನು ನೀನೇ ತಿದ್ದು. ಹೇಗೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಚಂದ್ರಿಕಾ


ಕೆ. ಹೊಸಕೋಟೆ
10 ಡಿಸೆಂಬರ್ 2024

ಮೇಡಂ,

ಹೇಳಿದೆ. ಹನ್ನೆರಡೂ ಜನರ ಮುಂದೆ, ಚಂದ್ರಯ್ಯನವರ ಮುಂದೆ ಹೇಳಿದೆ. ‘ಆ ಆನೆನ ಹುಟ್ಸಿದ್ದು ನಾನೇ ಮುನಿಯಕ್ಕ, ಎಲ್ಲಾ ಸುಳ್ಳು’ ಎಂದೆ.

ಮುನಿಯಮ್ಮ ಕೈ ನಿಲ್ಲಿಸಲೂ ಇಲ್ಲ. ಹಣ್ಣು ಬುಟ್ಟಿಗೆ ಬೀಳುತ್ತಲೇ ಇತ್ತು. ‘ನೀ ಬರ್ದಿದ್ದು ಸುಳ್ಳಿರ್ಬೋದು ಕಣಪ್ಪ. ನಾವ್ ನೋಡಿದ್ದೂ ಸುಳ್ಳಾ? ಸ್ಕೂಲಿನಾಗೂ ಹಿಂಗೇ ಮಾಡ್ದೆ, ಊರಿಗೇನು ಗೊತ್ತಿಲ್ಲ ಅನ್ಕಂಡ್ಯಾ? ಆವಾಗ ಇಲ್ದೆ ಇರೋ ಆನೆನ ಐತೆ ಅಂದೆ. ಈವಾಗ ಇರೋ ಆನೆನ ಇಲ್ಲ ಅಂತೀಯ.’ ಹೆಂಗಸರೆಲ್ಲ ನಕ್ಕರು. ದೊಡ್ಡಮ್ಮ ನಗಲಿಲ್ಲ.

ಚಂದ್ರಯ್ಯನವರು ಒಳ್ಳೆಯವರೇ. ‘ಬೆಟ್ಟಮ್ಮ, ಕುಯ್ಲು ಮುಗಿಯೋಗಂಟ ಮನೇಲಿರವ್ವ. ನೀ ಬಂದ್ರೆ ಇವ್ರು ಬರಲ್ಲ ಅಂತಾವ್ರೆ’ ಅಂದರು.

ಈಗ ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತಿರುತ್ತಾಳೆ. ಎಂಟು ಗಂಟೆಗೆ ಸರಿಯಾಗಿ ಎದ್ದು ನಿಂತು ಸೆರಗು ಬಿಗಿಯುತ್ತಾಳೆ, ಆಮೇಲೆ ನೆನಪಾಗಿ ಕೂರುತ್ತಾಳೆ. ನಿನ್ನೆ ನನ್ನನ್ನು ಕರೆದು ಹೇಳಿದಳು: ‘ಅದು ನನ್ನನ್ನ ಕೋಪದಾಗೆ ನೋಡ್ಲಿಲ್ಲ ಕಣೋ. ಮರ್ತೋದ ಹೆಸ್ರ ನೆನುಸ್ಕಂತಾರಲ್ಲ, ಹಂಗೆ ನೋಡ್ತು. ಅದ್ರ ಭಯ ಇಲ್ಲ ನಂಗೆ. ಮುನಿಯ ನನ್ನ ಬುಟ್ಟಿ ಮುಟ್ದೆ ಸರ್ಕಂಡ್ಲಲ್ಲ ಮಗ. ಮೂವತ್ತು ವರ್ಷ.’

ಅದಕ್ಕೇ ಈಗ ಬರೆಯುತ್ತಿದ್ದೇನೆ, ಬೆಳಕಿರುವಾಗಲೇ, ಅವಳು ಕಾಣುವ ಹಾಗೆ ಕೂತು. ಮೊದಲ ವಾಕ್ಯ ರದ್ದು. ತಿದ್ದಿದ ವಾಕ್ಯ ಇದು:

‘ರೈಟರ್ ಸಾಲಿನಲ್ಲಿರುವ ಎಲ್ಲರಿಗೂ ತಲೆಯಾಡಿಸುತ್ತದೆ, ಬೆಟ್ಟಮ್ಮನಿಗೂ. ಆಡ್ ಒನ್ ಔಟ್ ಎಂದರೆ ಬರೆದವನು.’

ವಸಂತ


ಕೆ. ಹೊಸಕೋಟೆ
16 ಡಿಸೆಂಬರ್ 2024

ಮೇಡಂ,

ಹೋದ ಕಾಗದ ಅಂಚೆ ಡಬ್ಬಕ್ಕೆ ಬೀಳುವ ಮೊದಲೇ ಆಯಿತು.

ಹನ್ನೊಂದರ ಬೆಳಗ್ಗೆ ದೊಡ್ಡಮ್ಮನ ಕೈ ಹಿಡಿದು ಎಳೆದುಕೊಂಡೇ ಹೋದೆ. ಹೆಂಗಸರು ಗೊಣಗಿದರು. ಐದನೇ ಜಾಗದಲ್ಲಿ ಅವಳನ್ನು ನಿಲ್ಲಿಸಿ ನಾನು ಸಾಲಿನ ಕೊನೆಗೆ ನಿಂತೆ. ಹತ್ತು ಮಾರು ಆಚೆಗೆ ಏನೂ ಕಾಣದಷ್ಟು ಮಂಜು. ಚಂದ್ರಯ್ಯನವರು ಮೊದಲ ಹೆಸರು ಕೂಗಿದಾಗ ಮಂಜಿನಲ್ಲಿ ಒಂದು ಜಾಗ ಮಾತ್ರ ಕಪ್ಪಾಯಿತು. ನಾನು ದಿನಾ ಆನೆ ನೋಡುವವನು. ಆನೆ ಇದ್ದ ಕಡೆ ವಾಸನೆ ಇರುತ್ತದೆ, ಕಿವಿ ಬಡಿಯುವ ಸದ್ದು ಇರುತ್ತದೆ, ಹೊಟ್ಟೆಯ ಗುಡುಗು ಇರುತ್ತದೆ. ಅಲ್ಲಿ ಏನೂ ಇರಲಿಲ್ಲ. ಹೆಸರು, ತಲೆ ಕೆಳಗೆ, ತಲೆ ಮೇಲೆ. ಹೆಸರು, ಕೆಳಗೆ, ಮೇಲೆ.

‘ಬೆಟ್ಟಮ್ಮ’ ಎಂದು ಕೂಗಿ ಚಂದ್ರಯ್ಯನವರೇ ಉಸಿರು ಹಿಡಿದರು. ತಲೆ ಕೆಳಗೆ ಹೋಯಿತು, ಮೇಲೆ ಬಂತು.

ಮುನಿಯಮ್ಮ ಬುಟ್ಟಿ ಬಿಟ್ಟು ಬಂದು ದೊಡ್ಡಮ್ಮನನ್ನು ತಬ್ಬಿಕೊಂಡರು. ‘ನಂದು ತಪ್ಪಾಯ್ತು ಕಣೆ, ನಂದು ತಪ್ಪಾಯ್ತು’ ಅನ್ನುತ್ತಲೇ ಎಲೆಯಡಿಕೆ ಚೀಲ ಬಿಚ್ಚಿದರು. ಅದನ್ನು ನೋಡುತ್ತಾ ನನಗೆ ಮಿಕ್ಕದ್ದು ಮರೆತೇಹೋಗಿತ್ತು. ಹನ್ನೆರಡು ಹೆಸರು ಮುಗಿದಿತ್ತು. ನನ್ನ ಹೆಸರು ಚಂದ್ರಯ್ಯನವರ ಪುಸ್ತಕದಲ್ಲಿಲ್ಲ, ಯಾರೂ ಕೂಗಲಿಲ್ಲ. ಅದು ಹೋಗಲಿಲ್ಲ. ನನ್ನ ಕಡೆ ತಿರುಗಿ ಅದರ ತಲೆ ನಿಂತಿತ್ತು. ನನ್ನ ಪಕ್ಕದವರು ಒಂದು ಹೆಜ್ಜೆ ಸರಿದರು, ಅವರ ಪಕ್ಕದವರು ಇನ್ನೊಂದು.

ಆವತ್ತಿನಿಂದ ಎಲ್ಲಿ ಜನ ಸಾಲಾಗಿ ನಿಂತರೂ, ಆ ಸಾಲಿನಲ್ಲಿ ನಾನಿದ್ದರೆ, ಅದು ಬರುತ್ತದೆ. ಕುಂದೂರಿನಲ್ಲಿ ಪಡಿತರಕ್ಕೆ ನಿಂತಾಗ ಅಂಗಡಿಯ ಹಿಂದೆ. ಆಲೂರಿನಲ್ಲಿ ಬಸ್ಸಿಗೆ ನಿಂತಾಗ, ಮಟಮಟ ಮಧ್ಯಾಹ್ನ, ರಸ್ತೆಯಾಚೆ ಒಂದು ತುಂಡು ಮಂಜಿನಲ್ಲಿ. ಏನೂ ಮಾಡುವುದಿಲ್ಲ. ನನ್ನ ಸರದಿಗೆ ನಿಲ್ಲುತ್ತದೆ, ಅಷ್ಟೇ. ಈಗ ನಾನು ಸಾಲಿಗೆ ನಿಲ್ಲುವುದನ್ನೇ ಬಿಟ್ಟಿದ್ದೇನೆ. ಬಸ್ಸು ಹೊರಟ ಮೇಲೆ ಓಡಿ ಹತ್ತುತ್ತೇನೆ.

‘ಏನ್ ಮಾಡ್ದೆ ಮಗ?’ ಎಂದು ದೊಡ್ಡಮ್ಮ ಕೇಳುತ್ತಾಳೆ. ಏನಿಲ್ಲ ಎನ್ನುತ್ತೇನೆ. ನಾನು ತಮಾಷೆ ಮಾಡುವುದಿಲ್ಲ ಎಂದು ಅವಳಿಗೆ ಭಯ ಶುರುವಾಗಿದೆ.

ಒಂದು ಕೇಳುವುದಿತ್ತು. ಬೇರೆಯಾಗಿರುವುದಕ್ಕೆ ತಾವು ಅಷ್ಟೊಂದು ಮಾತು ಕೊಟ್ಟಿರಿ. ಎಲ್ಲರ ಹಾಗೆ ಇರುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಮೇಡಂ?

ವಸಂತ


ಅರಸೀಕೆರೆ
24 ಡಿಸೆಂಬರ್ 2024

ವಸಂತ,

‘ಒನ್ ಆಫ್ ಅಸ್.’ ನಮ್ಮಲ್ಲೊಬ್ಬ. ಮೊದಲು ಕೊಡಬೇಕಾಗಿದ್ದ ಮಾತು ಇದು. ಬೆಟ್ಟಮ್ಮನವರಿಗೆ ಓದಿ ಹೇಳು.

ನಿನ್ನ ಹತ್ತನೇ ತಾರೀಖಿನ ಕಾಗದವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ತಿದ್ದಿದ್ದೇನೆ. ಒಂದೇ ಕಡೆ ಕೆಂಪು ಶಾಯಿ ಕಾಣುತ್ತದೆ. ‘ಬರೆದವನು’ ಎಂಬುದನ್ನು ಹೊಡೆದು ‘ಪದ ಕೊಟ್ಟವಳು’ ಎಂದು ಬರೆದಿದ್ದೇನೆ. ಹಿಂದೆಮುಂದೆ ನೋಡದೆ ಪದ ಕೊಡುವ ಮೇಷ್ಟ್ರುಗಳಿಗೂ ಒಂದು ತಿದ್ದುಪಡಿ ಬೇಕು. ಇದರ ಮೇಲೆ ಮತ್ತೆ ಪೆನ್ನು ಇಡಬೇಡ. ನಾನು ತಿದ್ದಿದ್ದನ್ನು ನೀನು ತಿದ್ದುವ ಹಾಗಿಲ್ಲ. ಇದು ಕೈಗೆ ಸಿಕ್ಕಿದ ಮಾರನೇ ಬೆಳಗ್ಗೆ ಸಾಲಿಗೆ ಹೋಗಿ ನಿಂತು ನೋಡು.

ಇಲ್ಲಿ ತೆಂಗಿನ ತೋಟ, ಬಯಲು. ಆನೆ ಇಲ್ಲ, ಮಂಜೂ ಬೀಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ತಿದ್ದಿದ್ದು ಭಾನುವಾರ ಸಂಜೆ. ನಿನ್ನೆ ಬೆಳಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಕಾಂಪೌಂಡಿನ ಗೋಡೆ ಕಾಣುತ್ತಿರಲಿಲ್ಲ. ಮಕ್ಕಳಿಗೆ ಖುಷಿ, ಬಾಯಿಂದ ಹೊಗೆ ಬಿಡುವ ಆಟ ಆಡುತ್ತಿದ್ದರು. ಅವರಿಗೆ ಏನೂ ಕಾಣಿಸಲಿಲ್ಲ.

ಇನ್ನೂರ ಹನ್ನೆರಡು ಮಕ್ಕಳು. ಒಬ್ಬೊಬ್ಬರಿಗೂ ತಲೆಯಾಡಿಸಿ ಮುಗಿಸಲು ಅದಕ್ಕೆ ತುಂಬ ಹೊತ್ತು ಹಿಡಿಯಿತು. ನಾನು ಮರದ ಸ್ಕೇಲ್ ಹಿಡಿದು, ನನ್ನ ಸರದಿಗೆ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದೆ.

ಚಂದ್ರಿಕಾ